ಮೈಸೂರು ರಾಕೆಟ್: ಕೈಯಲ್ಲಿ ತುಂಬಿದ ಮದ್ದು, ಗುರಿಯ ಪ್ರಶ್ನೆ

ಕೋವಿಯ ತೋಟಾ ಆಗಲಿ, ಯುದ್ಧದ ರಾಕೆಟ್ ಆಗಲಿ, ಪ್ರತಿ ಬಾರಿಯೂ ಒಂದೇ ಕಡೆ ಬೀಳಬೇಕಾದರೆ ಮದ್ದಿನ ತೂಕ, ಅದನ್ನು ಅದುಮಿದ ಬಿಗಿ ಮತ್ತು ಕವಚದ ಅಳತೆ ಒಂದೇ ಸಮನಾಗಿರಬೇಕು. ಕೈಯಿಂದ ಮದ್ದು ತುಂಬುವಾಗ ಈ ಏಕರೂಪತೆ ಸುಲಭವಲ್ಲ. ಹೈದರಾಲಿ ಹಾಗೂ ಟಿಪ್ಪು ಸುಲ್ತಾನರ ಕಾಲದ ಮೈಸೂರು ರಾಕೆಟ್ಟುಗಳ ಬಲವನ್ನೂ ಮಿತಿಯನ್ನೂ ಈ ನೆಲೆಯಿಂದಲೇ ಅರಿಯಬೇಕು.

ಕಬ್ಬಿಣದ ಕವಚ

ಅದುವರೆಗಿನ ರಾಕೆಟ್ಟುಗಳಿಗೆ ಹೆಚ್ಚಾಗಿ ಕಾಗದ ಅಥವಾ ಬಿದಿರಿನ ಕವಚವಿರುತ್ತಿತ್ತು. ಮೈಸೂರಿನ ಕುಶಲಕರ್ಮಿಗಳು ಕಬ್ಬಿಣದ ಕೊಳವೆ ಬಳಸಿದರು. ಇದರಿಂದ ಮದ್ದನ್ನು ಗಟ್ಟಿಯಾಗಿ ಅದುಮಲು, ಒಳಗಿನ ಹೆಚ್ಚಿನ ಒತ್ತಡವನ್ನು ತಡೆಯಲು ಸಾಧ್ಯವಾಯಿತು. ವ್ಯಾಪ್ತಿ ಒಂದು ಕಿಲೋಮೀಟರಿಗೂ ಮೀರಿತು. 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕದನದಲ್ಲಿ ಬ್ರಿಟಿಷರ ಮದ್ದಿನ ಬಂಡಿಗಳು ರಾಕೆಟ್ಟಿನಿಂದಲೇ ಸ್ಫೋಟಗೊಂಡವೆಂಬ ಅಭಿಪ್ರಾಯವಿದೆ.

ಗುರಿ ತಪ್ಪುತ್ತಿದ್ದುದೇಕೆ?

ಇಂಗ್ಲೆಂಡಿಗೆ ಸಾಗಿಸಲಾದ ಎರಡು ರಾಕೆಟ್ಟುಗಳಲ್ಲಿ ಒಂದರ ಕವಚ 254 ಮಿ.ಮೀ. ಉದ್ದ, 58 ಮಿ.ಮೀ. ವ್ಯಾಸ, ಅದನ್ನು ಸುಮಾರು ಒಂದು ಮೀಟರ್ ಉದ್ದದ ಖಡ್ಗದ ಅಲಗಿಗೆ ಚರ್ಮದ ಪಟ್ಟಿಯಿಂದ ಬಿಗಿಯಲಾಗಿದೆ. ಇನ್ನೊಂದು 198 ಮಿ.ಮೀ. ಉದ್ದವಿದ್ದು, 1.9 ಮೀಟರ್ ಬಿದಿರಿಗೆ ಕಟ್ಟಲಾಗಿದೆ. ಅಲಗು ಅಥವಾ ಬಿದಿರು ಪಕ್ಕಕ್ಕಿರುವುದರಿಂದ ತೂಕದ ಸಮತೋಲ ಒಂದು ಬದಿಗೆ ವಾಲುತ್ತದೆ. ಬಿದಿರಿನ ಸಣ್ಣ ಡೊಂಕು, ಮದ್ದಿನ ನಡುವಿನ ಬಿರುಕು, ತೇವ ಇವುಗಳಲ್ಲಿ ಯಾವುದೂ ಹಾರಾಟದ ದಿಕ್ಕು ಕೆಡಿಸಬಲ್ಲದು.

ಮೈಸೂರಿನ ಪರಿಹಾರ

ಈ ಕೊರತೆಯನ್ನು ಸೇನೆ ತರಬೇತಿಯಿಂದ ತುಂಬಿಕೊಂಡಿತು. ಕೊಳವೆಯ ವ್ಯಾಸ ಮತ್ತು ಗುರಿಯ ದೂರವನ್ನು ಅನುಸರಿಸಿ ಉಡಾವಣೆಯ ಕೋನ ನಿರ್ಧರಿಸಲು ಸೈನಿಕರಿಗೆ ಕಲಿಸಲಾಗುತ್ತಿತ್ತು. ಒಂದೊಂದೇ ರಾಕೆಟ್ಟನ್ನು ನಂಬದೆ, ಗುಂಪಾಗಿ ಹಾರಿಸಿ ವಿಸ್ತಾರವಾದ ಗುರಿಯನ್ನು ಆವರಿಸುವುದು ರೂಢಿಯಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡಾಗ 700 ಸಿದ್ಧ ರಾಕೆಟ್ಟುಗಳೊಂದಿಗೆ 9,000 ಖಾಲಿ ಕವಚಗಳೂ ಸಿಕ್ಕವೆನ್ನಲಾಗಿದೆ.

ವುಲಿಚ್‌ನಲ್ಲಿ ಮುಂದುವರಿದ ಕೆಲಸ

ಮೈಸೂರಿನ ಈ ಅನುಭವದಿಂದ ಪ್ರೇರಿತನಾದ ವಿಲಿಯಂ ಕಾಂಗ್ರೀವ್ 19ನೆಯ ಶತಮಾನದ ಆರಂಭದಲ್ಲಿ ವುಲಿಚ್‌ನ ಶಸ್ತ್ರಾಗಾರದಲ್ಲಿ ರಾಕೆಟ್ಟುಗಳನ್ನು ತೂಕಕ್ಕೆ ಅನುಗುಣವಾಗಿ ವರ್ಗೀಕರಿಸಿ, ಮದ್ದನ್ನು ಯಂತ್ರದಿಂದ ಅದುಮುವ ವ್ಯವಸ್ಥೆ ರೂಪಿಸಿದ. ಪಕ್ಕದಲ್ಲಿದ್ದ ಕೋಲನ್ನು 1815ರ ವೇಳೆಗೆ ನಡುವಿಗೆ ತಂದ. 1844ರಲ್ಲಿ ವಿಲಿಯಂ ಹೇಲ್ ಕೋಲನ್ನೇ ಬಿಟ್ಟು, ತನ್ನ ಅಕ್ಷದ ಸುತ್ತ ತಿರುಗುವ ರಾಕೆಟ್ಟಿಗೆ ಪೇಟೆಂಟ್ ಪಡೆದ. ಸುರುಳಿಗೆರೆಯ ನಳಿಗೆಯುಳ್ಳ ರೈಫಲ್ಲಿನ ಗುಂಡು ನೇರ ಸಾಗುವುದೂ ಇಂಥ ತಿರುಗುವಿಕೆಯಿಂದಲೇ.

ನಗರದ ಬಾವಿಯ ಸಾಕ್ಷ್ಯ

ಮೈಸೂರಿನ ರಾಕೆಟ್ಟುಗಳು ಎಷ್ಟರಮಟ್ಟಿಗೆ ಏಕರೂಪವಾಗಿದ್ದವು? ಉತ್ತರಿಸಲು ಈಗ ಸಾಮಗ್ರಿಯಿದೆ. 2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ (ಹಿಂದಿನ ಬಿದನೂರು) ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ರಾಜ್ಯ ಪುರಾತತ್ವ ಇಲಾಖೆ ಹೊರತೆಗೆಯಿತು. ಅವುಗಳ ಉದ್ದ 23ರಿಂದ 26 ಸೆಂ.ಮೀ. ಎಂದು ವರದಿಯಾಗಿತ್ತು. ಇವು ಬೇರೆ ಬೇರೆ ವರ್ಗದವೋ, ಒಂದೇ ಅಳತೆಯನ್ನು ಉದ್ದೇಶಿಸಿದರೂ ವ್ಯತ್ಯಾಸಗೊಂಡವೋ ಎಂಬುದು ಮುಖ್ಯ ಪ್ರಶ್ನೆ. ಪೂರ್ವಜರ ಕೌಶಲವನ್ನು ಹೊಗಳಿಕೆಗಿಂತ ಒಂದೊಂದು ಕವಚದ ವ್ಯಾಸ, ದಪ್ಪ, ತೂಕಗಳ ಎಚ್ಚರಿಕೆಯ ಅಳತೆಯೇ ಹೆಚ್ಚು ನಂಬಿಕೆಯಿಂದ ಹೇಳಬಲ್ಲದು.