ಮಿಶ್ರ ಲಸಿಕೆ: ಆರೋಗ್ಯ ಕಾರ್ಯಕರ್ತರಲ್ಲಿ ಅಲ್ಪಾವಧಿ ಅಡ್ಡಪರಿಣಾಮಗಳು

ಮೊದಲ ಡೋಸ್ ಒಂದು ಲಸಿಕೆ, ಮುಂದಿನದು ಬೇರೊಂದಾದರೆ ಅದು ಮಿಶ್ರ ಲಸಿಕೆ ಕ್ರಮ. ಇದರ ಅಲ್ಪಾವಧಿ ಅಡ್ಡಪರಿಣಾಮಗಳೆಂದರೆ ಒಂದೆರಡು ದಿನ ಕಾಡುವ ಜ್ವರ, ಮೈಕೈ ನೋವು, ತಲೆನೋವು, ಸುಸ್ತು. ಭಾರತದ ಕೋವಿಡ್ ಲಸಿಕೆ ಅಭಿಯಾನ 2021ರ ಜನವರಿ 16ರಂದು ಆರೋಗ್ಯ ಕಾರ್ಯಕರ್ತರಿಂದಲೇ ಆರಂಭವಾಯಿತು. ಕೋವಿಶೀಲ್ಡ್ ಪಡೆದವರಿಗೆ ಕೋವಿಶೀಲ್ಡ್, ಕೋವ್ಯಾಕ್ಸಿನ್ ಪಡೆದವರಿಗೆ ಕೋವ್ಯಾಕ್ಸಿನ್ ಎಂಬ ರಾಷ್ಟ್ರೀಯ ನಿಯಮವೇ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತಾಲ್ಲೂಕು ಆಸ್ಪತ್ರೆಗಳಿಗೂ ಅನ್ವಯಿಸಿತು. 2022ರ ಜನವರಿ 10ರಿಂದ ಕೊಟ್ಟ ಮುನ್ನೆಚ್ಚರಿಕೆ ಡೋಸ್‌ನಲ್ಲೂ ಲಸಿಕೆ ಬದಲಾಗಲಿಲ್ಲ. ಈ ಎರಡರಲ್ಲಿ ಯಾವುದನ್ನು ಪಡೆದ ವಯಸ್ಕರಿಗೂ ಕೋರ್ಬಿವ್ಯಾಕ್ಸ್ ಕೊಡಬಹುದೆಂಬ ಅನುಮತಿ ಬಂದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ.

ಮಿಶ್ರಣವೆಂದರೆ ಜ್ವರ ಹೆಚ್ಚು ಎಂಬ ನಂಬಿಕೆಗೆ ಆಧಾರ ಬ್ರಿಟನ್ನಿನ ಕಾಮ್-ಕೋವ್ ಪ್ರಯೋಗ. 50 ದಾಟಿದವರಿಗೆ ನಾಲ್ಕು ವಾರದ ಅಂತರದಲ್ಲಿ ಆಸ್ಟ್ರಾಜೆನೆಕಾ, ಬಳಿಕ ಫೈಜರ್ ಕೊಟ್ಟಾಗ ಶೇ. 34 ಮಂದಿಗೆ ಜ್ವರದ ಅನುಭವವಾಯಿತು. ಎರಡೂ ಡೋಸ್ ಆಸ್ಟ್ರಾಜೆನೆಕಾ ಆದವರಲ್ಲಿ ಅದು ಶೇ. 10. ಆದರೆ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಆರೋಗ್ಯ ಕಾರ್ಯಕರ್ತರು ಅದೇ ಜೋಡಿಯನ್ನು 10ರಿಂದ 12 ವಾರಗಳ ಅಂತರದಲ್ಲಿ ಪಡೆದಾಗ, ಅವರ ತೊಂದರೆ ಎರಡೂ ಡೋಸ್ ಫೈಜರ್ ಪಡೆದವರಿಗಿಂತ ಹೆಚ್ಚಲಿಲ್ಲ. ಎರಡು ಅಧ್ಯಯನಗಳ ಜನರೂ ಹೋಲಿಕೆಯ ಗುಂಪುಗಳೂ ಬೇರೆ, ನಿಜ. ಆದರೂ ಒಂದು ಮಾತು ನಿಲ್ಲುತ್ತದೆ: ತೊಂದರೆಯನ್ನು ನಿರ್ಧರಿಸುವುದು ಮಿಶ್ರಣವೆಂಬ ಹಣೆಪಟ್ಟಿಯಲ್ಲ, ಯಾವ ಲಸಿಕೆ, ಯಾವ ಅನುಕ್ರಮ, ಎಷ್ಟು ಅಂತರ, ಯಾವ ವಯಸ್ಸು ಎಂಬುದು.

ವಿದೇಶದ ಈ ಜೋಡಿ ನಮ್ಮಲ್ಲಿ ಬಳಕೆಗೇ ಬರಲಿಲ್ಲವಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಭಾರತದ ಮೊದಲ ಸುಳಿವು ಸಿಕ್ಕಿದ್ದು ಉತ್ತರ ಪ್ರದೇಶದ ಸಿದ್ಧಾರ್ಥನಗರದಲ್ಲಿ. ಅಲ್ಲಿ 2021ರಲ್ಲಿ ಕೋವಿಶೀಲ್ಡ್ ಪಡೆದಿದ್ದ ಕೆಲವರಿಗೆ ಕಣ್ತಪ್ಪಿನಿಂದ ಕೋವ್ಯಾಕ್ಸಿನ್ ಚುಚ್ಚಲಾಯಿತು. ಅವರಲ್ಲಿ 18 ಮಂದಿಯನ್ನು ಪರಿಶೀಲಿಸಿದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೌಮ್ಯ ತೊಂದರೆಗಳಷ್ಟೇ ಕಂಡವು. 18 ಜನರಿಂದ ಅಪರೂಪದ ಅಪಾಯವನ್ನು ಅಳೆಯಲಾಗದು; ಆದರೆ ಸಾಮಾನ್ಯ ಜ್ವರ, ನೋವು ವಿಪರೀತವಾಗಿದ್ದರೆ ಅಷ್ಟು ಮಂದಿಯಲ್ಲೂ ಕಾಣುತ್ತಿತ್ತು.

ಎರಡು ದಿನದ ಜ್ವರಕ್ಕೆ ಇಷ್ಟು ವಿಚಾರವೇಕೆ ಎಂದರೆ, ಕಡಿಮೆ ಸಿಬ್ಬಂದಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದೇ ಪಾಳಿಯ ನರ್ಸ್‌ಗಳೆಲ್ಲ ಒಟ್ಟಿಗೆ ಮಲಗಿದರೆ ಹೆರಿಗೆ ವಾರ್ಡು ನೋಡುವವರಿಲ್ಲ. ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸುವುದು ತಕ್ಷಣದ ಅಲರ್ಜಿಯನ್ನು ಹಿಡಿಯಲು. ಜ್ವರ ಬರುವುದು ಸಾಮಾನ್ಯವಾಗಿ ಮನೆಗೆ ಹೋದ ಮೇಲೆ. ಆದ್ದರಿಂದ ಸಿಬ್ಬಂದಿಗೆ ಸರದಿಯಂತೆ ಲಸಿಕೆ ಹಾಕಿ, ಮರುದಿನದ ಆರೋಗ್ಯವನ್ನೂ ಕೇಳಿ ಬರೆದಿಡುವುದು ಲಸಿಕೆ ಕಾರ್ಯಕ್ರಮದ ಭಾಗವೇ ಆಗಬೇಕು.