ಅತಿಸಾರ ಭೇದಿ: ಕರುಳಿನ ಗ್ರಂಥಿಗಳಲ್ಲಿ ಪೊಟ್ಯಾಸಿಯಂ ಮಾರ್ಗಗಳ ಪಾತ್ರ ಹಾಗೂ ಉಚಿತ ಚಿಕಿತ್ಸೆ

(ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಕಾರಣ:
ಕರುಳಿನ ಒಳಪದರದ ಸೂಕ್ಷ್ಮ ಗ್ರಂಥಿಗಳು ದ್ರವವನ್ನು ಸ್ರವಿಸುತ್ತವೆ. ಈ ಜೀವಕೋಶಗಳಲ್ಲಿ ರಕ್ತದ ಕಡೆಗಿರುವ ಪೊರೆಯಲ್ಲಿ ಪೊಟ್ಯಾಸಿಯಂ ಮಾರ್ಗಗಳೆಂಬ ದ್ವಾರಗಳಿವೆ. ಇವುಗಳ ಮೂಲಕ ಪೊಟ್ಯಾಸಿಯಂ ಹೊರಹೋಗುವುದರಿಂದ ಜೀವಕೋಶದ ಒಳಭಾಗವು ಋಣ ವಿದ್ಯುದಂಶವನ್ನು ಕಾಯ್ದುಕೊಳ್ಳುತ್ತದೆ. ಆ ಬಲದಿಂದ ಕ್ಲೋರೈಡ್ ಕರುಳಿನೊಳಕ್ಕೆ ಹರಿಯುತ್ತದೆ; ಸೋಡಿಯಂ ಮತ್ತು ನೀರು ಅದನ್ನು ಹಿಂಬಾಲಿಸುತ್ತವೆ. ಕಾಲರಾ ವಿಷವು ಕ್ಲೋರೈಡ್ ಮಾರ್ಗವನ್ನು ಸತತವಾಗಿ ತೆರೆದಿಡುವುದರಿಂದ ಕೆಲವೇ ಗಂಟೆಗಳಲ್ಲಿ ನಿರ್ಜಲೀಕರಣ ಉಂಟಾಗಿ ಪ್ರಾಣಾಪಾಯ ಸಂಭವಿಸಬಹುದು.

ಚಿಕಿತ್ಸೆ:
1. ಓ.ಆರ್.ಎಸ್.: 1 ಲೀಟರ್ ಅಳತೆಯ ಪೊಟ್ಟಣವನ್ನು ಪೂರ್ಣವಾಗಿ 1 ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ 24 ಗಂಟೆಗಳೊಳಗೆ ಬಳಸತಕ್ಕದ್ದು. ಇದರಲ್ಲಿನ ಗ್ಲೂಕೋಸ್ ಸೋಡಿಯಂ ಹೀರಿಕೆಗೆ ನೆರವಾಗುತ್ತದೆ, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಭೇದಿಯಿಂದಾದ ಪೊಟ್ಯಾಸಿಯಂ ನಷ್ಟವನ್ನು ತುಂಬುತ್ತದೆ.
2. ಜಿಂಕ್ ಮಾತ್ರೆ: 2ರಿಂದ 6 ತಿಂಗಳ ಶಿಶುಗಳಿಗೆ ದಿನಕ್ಕೆ 10 ಮಿ.ಗ್ರಾಂ, 6 ತಿಂಗಳಿಂದ 5 ವರ್ಷದವರೆಗೆ 20 ಮಿ.ಗ್ರಾಂ. ಜಿಂಕ್ ಪೊಟ್ಯಾಸಿಯಂ ಮಾರ್ಗಗಳನ್ನು ತಡೆದು ಸ್ರಾವವನ್ನು ತಗ್ಗಿಸುತ್ತದೆಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಭೇದಿ ನಿಂತರೂ 14 ದಿನ ತಪ್ಪದೇ ನೀಡತಕ್ಕದ್ದು.
3. ಎದೆಹಾಲು ಹಾಗೂ ಆಹಾರವನ್ನು ನಿಲ್ಲಿಸಬಾರದು.

ಸೇವೆ ಪಡೆಯುವ ವಿಧಾನ:
ಗ್ರಾಮದ ಆಶಾ ಕಾರ್ಯಕರ್ತೆ, ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸುವುದು. ಓ.ಆರ್.ಎಸ್. ಹಾಗೂ ಜಿಂಕ್ ಉಚಿತ. ಲಿಖಿತ ಅರ್ಜಿಯ ಅಗತ್ಯವಿಲ್ಲ.

ತುರ್ತು ಸೂಚನೆ:
ಕಣ್ಣು ಗುಳಿಬೀಳುವುದು, ಮಂಪರು, ಕುಡಿಯಲು ಅಶಕ್ತತೆ ಅಥವಾ ಮಲದಲ್ಲಿ ರಕ್ತ ಕಂಡುಬಂದಲ್ಲಿ ವಿಳಂಬಿಸದೇ 108ಕ್ಕೆ ಕರೆ ಮಾಡತಕ್ಕದ್ದು.