ಹೇರೆತ್ತಿನ ದಾರಿಯಲ್ಲಿ ಸೈಕಲ್ಲು

ಡಿಸೆಂಬರಿನ ಒಂದು ಬೆಳಗ್ಗೆ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಎದುರು ನಿಂತು ನಾನೂ ಗೆಳೆಯನೂ ಸೈಕಲ್ಲಿನ ಟೈರುಗಳಿಂದ ಸ್ವಲ್ಪ ಗಾಳಿ ಬಿಟ್ಟೆವು. ಗ್ರಾವೆಲ್ ಬೈಕ್ ಎಂದು ಕರೆಯುವ ಈ ಸೈಕಲ್ಲಿನ ಗುಟ್ಟು ಇರುವುದೇ ಅಲ್ಲಿ. ನೋಡಲು ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್ಲು, ಆದರೆ ಟೈರು ಅದಕ್ಕಿಂತ ಅಗಲ. ಹದವಾಗಿ ಗಾಳಿ ಇಳಿಸಿದರೆ ಟೈರು ಜಲ್ಲಿಯ ಮೇಲೆ ಪುಟಿಯದೆ ಅದನ್ನು ಅಪ್ಪಿಕೊಂಡು ಹೋಗುತ್ತದೆ. ಇಕ್ಕೇರಿಯಿಂದ ನಗರಕ್ಕೆ, ನಗರದಿಂದ ಕವಲೇದುರ್ಗಕ್ಕೆ ಹೋಗುವುದು ನಮ್ಮ ಲೆಕ್ಕಾಚಾರ. ಡಾಂಬರು ಸಿಕ್ಕಲ್ಲೆಲ್ಲ ಅದನ್ನು ಬಿಟ್ಟು ಮಣ್ಣಿನ ದಾರಿ ಹಿಡಿಯಬೇಕು ಎನ್ನುವುದೊಂದೇ ನಿಯಮ.

ಈ ಮೂರೂ ಊರುಗಳು ಕೆಳದಿ ಅರಸರವು. ಸುಮಾರು 1500ರಿಂದ 1763ರವರೆಗೆ ಮಲೆನಾಡು ಮತ್ತು ಕರಾವಳಿಯ ಬಹುಭಾಗವನ್ನು ಆಳಿದ ಈ ವಂಶದ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು. ಬಿದನೂರೇ ಇವತ್ತಿನ ನಗರ. ಇಷ್ಟನ್ನು ಶಾಲೆಯಲ್ಲೇ ಓದಿದ್ದೆ. ಸೈಕಲ್ಲಿನ ಮೇಲೆ ಹೋಗುವಾಗ ನನ್ನನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ರಾಜಧಾನಿಯಿಂದ ರಾಜಧಾನಿಗೆ ಹೋಗುವ ದಾರಿ ಇಂದು ಜಲ್ಲಿ ಕಿತ್ತ ಮಣ್ಣಿನ ಹಾದಿಯಾಗಿ ಉಳಿದದ್ದು ಹೇಗೆ?

ಈ ಸೀಮೆಗೆ ದಾರಿ ಹಿಡಿದು ಬಂದ ಪರದೇಶಿಯರಲ್ಲಿ ನನಗೆ ಇಷ್ಟವಾದವನು ರೋಮಿನ ಪಿಯೆತ್ರೊ ದೆಲ್ಲಾ ವಾಲೆ. 1623ರಲ್ಲಿ ಗೋವಾದ ಪೋರ್ಚುಗೀಸರು ವೆಂಕಟಪ್ಪ ನಾಯಕನ ಬಳಿಗೆ ಕಳಿಸಿದ ರಾಯಭಾರಿಯ ಜೊತೆ ಇವನೂ ಹೊರಟ. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿ ಸೇರಿದ. ದಾರಿಯ ಒಂದು ಗುಡಿಯ ಜಗಲಿಯಲ್ಲಿ ಮಕ್ಕಳು ಮರಳು ಹರವಿಕೊಂಡು, ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ನಿಂತು ನೋಡಿ ಬರೆದಿಟ್ಟಿದ್ದಾನೆ. ಇಕ್ಕೇರಿಯನ್ನು ಸುತ್ತುವರಿದಿದ್ದ ಬಿದಿರುಮೆಳೆಯ ಬೇಲಿಯ ಬಗ್ಗೆಯೂ ಬರೆದಿದ್ದಾನೆ. ಕಲ್ಲಿನ ಗೋಡೆಯ ಕೆಲಸವನ್ನು ಅಲ್ಲಿ ಒತ್ತಾಗಿ ಬೆಳೆದ ಎತ್ತರದ ಬಿದಿರು ಮಾಡುತ್ತಿತ್ತು. ಬಿದನೂರು ಎಂಬ ಹೆಸರೂ ಬಿದಿರಿನಿಂದ ಬಂದದ್ದೆಂದು ಹೇಳುತ್ತಾರೆ. ಈ ಅರಸರಿಗೆ ಕಾಡು ಕಡಿದು ಸರಿಸಬೇಕಾದ ಅಡ್ಡಿಯಾಗಿರಲಿಲ್ಲ, ಕೋಟೆಯ ಹೊರಸುತ್ತಾಗಿತ್ತು.

ಆದರೂ ಇಕ್ಕೇರಿ ಸಾಕಾಗಲಿಲ್ಲ. 1630ರ ದಶಕದ ಕೊನೆಯಲ್ಲಿ ಬಿಜಾಪುರದ ಸೈನ್ಯ ಅಲ್ಲಿಯವರೆಗೂ ನುಗ್ಗಿತು. 1640ರ ಸುಮಾರಿಗೆ ರಾಜಧಾನಿ ಗುಡ್ಡಗಳ ನಡುವಿನ ಬಿದನೂರಿಗೆ ಹೋಯಿತು. ನಾವು ಹೋದದ್ದೂ ಅದೇ ದಿಕ್ಕಿಗೆ. ಇಕ್ಕೇರಿಯ ಸುತ್ತಿನ ಬಯಲು ಮುಗಿಯುತ್ತಿದ್ದಂತೆ ದಾರಿ ಏಳತೊಡಗುತ್ತದೆ. ಒಂದು ಗುಡ್ಡ ಹತ್ತಿದರೆ ಅಡಿಕೆ ತೋಟ, ಗದ್ದೆ, ಹಳ್ಳ. ಹಳ್ಳ ದಾಟಿದರೆ ಮತ್ತೊಂದು ಗುಡ್ಡ. ಜಂಬಿಟ್ಟಿಗೆಯ ಕೆಂಪು ನೆಲ ಇಳಿಜಾರಿನಲ್ಲಿ ಗುಂಡುಗುಂಡಾಗಿ ಕಳಚಿ ಟೈರಿನ ಅಡಿಯಲ್ಲಿ ಉರುಳುತ್ತದೆ. ಅಂಥ ಕಡೆ ಬ್ರೇಕು ಬಿಗಿ ಹಿಡಿದರೆ ಬಿದ್ದಂತೆಯೇ. ಗಂಟೆಗೆ ಹತ್ತು ಕಿಲೋಮೀಟರು ಹೋದರೆ ದೊಡ್ಡದು.

ಹಳೆಯ ದಾರಿಯನ್ನು ಗುರುತಿಸುವುದನ್ನು ಈ ನಿಧಾನವೇ ಕಲಿಸಿತು. ಹೊಸ ರಸ್ತೆ ಗುಡ್ಡವನ್ನು ಕೊರೆದು, ತಿರುವು ತಿರುವಾಗಿ ಲಾರಿಗೆ ಅನುಕೂಲವಾಗುವ ಹಾಗೆ ಏರುತ್ತದೆ. ಹಳೆಯದು ಏಣಿನ ಮೇಲೆ ನೆಟ್ಟಗೆ ಹೋಗಿ, ನೀರಿರುವಲ್ಲಿಗೆ ಇಳಿದು, ಮತ್ತೆ ಏಣು ಹಿಡಿಯುತ್ತದೆ. ಎಷ್ಟೋ ಕಡೆ ಅದು ಎರಡೂ ಬದಿಯ ದರೆಗಿಂತ ಆಳೆತ್ತರ ಕೆಳಗಿರುತ್ತದೆ. ಕಾಲುಗಳು, ಗೊರಸುಗಳು ಮತ್ತು ಮಳೆನೀರು ಶತಮಾನಗಳ ಕಾಲ ಸವೆಸಿದ ಆಳ ಅದು. ಘಟ್ಟದ ಮೇಲಿನಿಂದ ಮೆಣಸು, ಅಡಿಕೆ, ಅಕ್ಕಿ ಬಸರೂರು ಹೊನ್ನಾವರಗಳ ಬಂದರಿಗೆ ಇಳಿದದ್ದೂ ಕೆಳಗಿನಿಂದ ಉಪ್ಪು, ಒಣಮೀನು ಹತ್ತಿ ಬಂದದ್ದೂ ಹೇರೆತ್ತುಗಳ ಬೆನ್ನ ಮೇಲೆ. ಹೇರು ಹೊತ್ತ ಎತ್ತು ದಿನಕ್ಕೆ ಹತ್ತು ಹದಿನೈದು ಕಿಲೋಮೀಟರಿಗಿಂತ ಹೆಚ್ಚು ನಡೆಯದು. ನಡುವೆ ಅದಕ್ಕೆ ನೀರು ಬೇಕು, ಮೇಯಲು ಹುಲ್ಲು ಬೇಕು, ಹೇರು ಇಳಿಸಲು ನೆರಳು ಬೇಕು. ಹಾಗಾಗಿ ದಾರಿ ಎಲ್ಲಿ ಹೋಗಬೇಕು ಎಂಬುದನ್ನು ಅರಸನಿಗಿಂತ ಮೊದಲು ನೀರು ತೀರ್ಮಾನಿಸುತ್ತಿತ್ತು.

ನೀರು ಮತ್ತು ಅರಸೊತ್ತಿಗೆ ಸೇರಿದರೆ ಏನಾಗುತ್ತದೆ ಎಂಬುದನ್ನು ನೋಡಬೇಕಾದರೆ ನಗರದ ಹತ್ತಿರದ ದೇವಗಂಗೆ ಕೊಳಕ್ಕೆ ಹೋಗಬೇಕು. ಗುಡ್ಡದ ಒರತೆಯ ನೀರು ಕಲ್ಲಿನ ಕಾಲುವೆಯಲ್ಲಿ ಬಂದು, ಒಂದು ಕೊಳದಿಂದ ಇನ್ನೊಂದಕ್ಕೆ ತನ್ನ ಪಾಡಿಗೆ ತಾನು ಇಳಿಯುತ್ತ ಏಳು ಕೊಳಗಳನ್ನು ತುಂಬುತ್ತದೆ. ಒಂದು ದೊಡ್ಡದು, ಉಳಿದವು ಚಿಕ್ಕವು, ಒಂದೊಂದರ ಆಕಾರ ಒಂದೊಂದು. ಪಂಪಿಲ್ಲ, ತೂಬು ತಿರುಗಿಸುವವರಿಲ್ಲ. ಮಟ್ಟದ ಲೆಕ್ಕವೊಂದೇ ಸಾವಿರಾರು ಮಳೆ-ಬೇಸಿಗೆಗಳನ್ನು ದಾಟಿಸುವ ಹಾಗೆ ಕಟ್ಟಿದ್ದಾರೆ. ಬೆವರಿ ಬಂದಿದ್ದ ನಾವು ಮೆಟ್ಟಿಲ ಮೇಲೆ ಕೂತು ಮುಖ ತೊಳೆದುಕೊಂಡೆವು. ಚಳಿಗಾಲದ ಆ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು.

ಕೊಳಕ್ಕೆ ಬರುವ ಮೊದಲು ಒಂದು ಮನೆಯ ಮುಂದೆ ನಿಂತು ಕುಡಿಯಲು ನೀರು ಕೇಳಿದ್ದೆವು. ಅಂಗಳದಲ್ಲಿ ಅಡಿಕೆ ಒಣಹಾಕುತ್ತಿದ್ದ ಅಜ್ಜಿ ನೀರಿನ ಜೊತೆ ಬೆಲ್ಲವನ್ನೂ ತಂದುಕೊಟ್ಟು, ಸೈಕಲ್ಲುಗಳನ್ನು ಒಮ್ಮೆ ನೋಡಿ ಕೇಳಿದರು.

“ಎಂತ ತಮ್ಮಾ, ಅತ್ಲಾಗೆ ಡಾಂಬ್ರು ರೋಡ್ ಇತ್ತಲ, ಈ ಹಾಳು ದಾರೀಲಿ ಎಂತಕ್ಕೆ ಬಂದ್ರಿ?”

“ಈ ದಾರಿ ಚೆಂದ ಇದೆ ಅಂತ ಬಂದ್ವಿ ಅಜ್ಜಿ,” ಅಂದೆ.

“ಚೆಂದ! ಮಳೆಗಾಲದಲ್ಲಿ ಬನ್ನಿ, ತೋರಿಸ್ತೆ. ನಮ್ಮ ಸೊಸೇನ ಹೆರಿಗೆಗೆ ಕಂಬ್ಳಿ ಜೋಲೀಲಿ ಹೊತ್ಕಂಡು ಹೋಗಿದ್ರು. ಆಂಬುಲೆನ್ಸು ಸಂಕದ ಆಚೆಗೇ ನಿಂತಿತ್ತು.”

ನನಗೆ ಮಾತು ಹೊರಡಲಿಲ್ಲ. ಗೆಳೆಯ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು ಬೇರೆ ಕಡೆ ನೋಡಿದ.

ಆಮೇಲೆ ನಗರದ ಕೋಟೆಯ ಮೇಲೆ ಕೂತಾಗ ಈ ದಾರಿ ಹಾಳಾದ ಕಥೆಯನ್ನು ಜೋಡಿಸಿ ನೋಡಿದೆ. ಅದು ತಾನಾಗಿ ಹಾಳಾಗಲಿಲ್ಲ. 1763ರಲ್ಲಿ ಹೈದರಾಲಿ ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಕಸಿದುಕೊಂಡ. ಹಿಂದಿನ ಮಂತ್ರಿಯೊಬ್ಬ ಕಾಡಿನೊಳಗಿನ ಗುಪ್ತ ದಾರಿ ತೋರಿಸಿಕೊಟ್ಟದ್ದರಿಂದ ಅವನಿಗೆ ಊರೊಳಗೆ ನುಗ್ಗಲು ಸಾಧ್ಯವಾಯಿತೆಂದು ಇತಿಹಾಸಕಾರ ವಿಲ್ಕ್ಸ್ ಬರೆಯುತ್ತಾನೆ. ಕಾಡನ್ನೇ ಕೋಟೆಯಾಗಿ ನಂಬಿದ್ದ ರಾಜ್ಯ ಕಾಡುದಾರಿಯೊಂದರಿಂದಲೇ ಬಿತ್ತು. ಹೈದರ್ ಊರಿಗೆ ತನ್ನ ಹೆಸರಿಟ್ಟು ಟಂಕಸಾಲೆ ನಡೆಸಿದ. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಕರಾವಳಿಯಿಂದ ಹೊಸಂಗಡಿ ಘಟ್ಟ ಹತ್ತಿ ಬಂದು ನಗರ ಹಿಡಿದ. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಪಡೆದ. ಇಷ್ಟಾದರೂ ಊರಿಗೆ ಹೆಸರಿತ್ತು. 1830ರ ರೈತರ ದಂಗೆಗೆ ‘ನಗರ ದಂಗೆ’ ಎಂದೇ ಹೆಸರು. ಅದನ್ನು ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡರು.

ಮುಂದಿನದು ಕತ್ತಿಯಿಂದಲ್ಲ, ಕಾಗದದಿಂದ ಆದ ಕೆಲಸ. ಕಚೇರಿಗಳು ಶಿವಮೊಗ್ಗದಲ್ಲಿ ಬೇರೂರಿದವು. ಗಾಡಿರಸ್ತೆ, ರೈಲು ಆ ಕಡೆಯನ್ನೇ ಹಿಡಿದವು. ತಾಲ್ಲೂಕಿನ ಕೇಂದ್ರವೂ ನಗರದಿಂದ ಕಲ್ಲೂರುಕಟ್ಟೆಗೆ ಹೋಗಿ, ಆ ಊರು ಹೊಸನಗರವಾಯಿತು. ಗಾಡಿ ಹೋಗದ ದಾರಿಯಲ್ಲಿ ಹೇರೆತ್ತು ಎಷ್ಟು ದಿನ ನಡೆದೀತು? ಕೊನೆಯದಾಗಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ಗದ್ದೆ ತೋಟಗಳ ಸಮೇತ ಶರಾವತಿಯಲ್ಲಿ ಮುಳುಗಿದವು. ನಾಡಿಗೆ ಬೆಳಕು ಬಂತು. ಇಲ್ಲಿನ ದಾರಿಗಳು ನಡುವೆಯೇ ತುಂಡಾದವು. ತುಮರಿ ಕಡೆಯ ಜನ ಸಾಗರಕ್ಕೆ ಬರಲು ಲಾಂಚನ್ನೇ ನೆಚ್ಚಿಕೊಳ್ಳಬೇಕಾಯಿತು. ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರಲ್ಲಿ, ಅಂದರೆ ಅಣೆಕಟ್ಟಾಗಿ 61 ವರ್ಷಗಳ ನಂತರ. ಹಿನ್ನೀರಿನ ಬದಿಯಲ್ಲಿ ಸೈಕಲ್ ಹೊಡೆಯುವವರಿಗೆ ಒಂದು ನೋಟ ಮತ್ತೆ ಮತ್ತೆ ಸಿಗುತ್ತದೆ. ಚೆನ್ನಾಗಿಯೇ ಇಳಿದುಬಂದ ರಸ್ತೆ ನೆಟ್ಟಗೆ ನೀರೊಳಗೆ ಹೋಗಿಬಿಡುತ್ತದೆ.

ಮೂರನೆಯ ದಿನ ಕವಲೇದುರ್ಗದ ಬುಡದಲ್ಲಿ ಸೈಕಲ್ಲು ಬಿಟ್ಟು, ಕಲ್ಲುಹಾಸಿನ ದಾರಿಯಲ್ಲಿ ಕೋಟೆ ಹತ್ತಿದೆವು. ಸುತ್ತುಸುತ್ತಾಗಿ ಬಾಗಿಲುಗಳು, ಒಳಗೆ ಅರಮನೆಯ ತಳಪಾಯ, ಕಲ್ಲಿನ ಒಲೆ, ನೀರು ತುಂಬಿದ ಕೊಳಗಳು. ಆ ಎತ್ತರದಲ್ಲೂ ನೀರು! ಸುತ್ತ ನೋಡಿದರೆ ಕಾಡೇ ಕಾಡು. ಪ್ರವಾಸಿಯೊಬ್ಬರು, “ಮನುಷ್ಯರು ಮುಟ್ಟದ ಜಾಗ” ಎಂದು ಫೋನಿನಲ್ಲಿ ಹೇಳಿಕೊಳ್ಳುತ್ತಿದ್ದರು. ಮೂರು ದಿನದ ಹಿಂದೆ ನಾನೂ ಅದನ್ನೇ ಹೇಳುತ್ತಿದ್ದೆ. ಈಗ ಹಾಗೆ ಅನ್ನಿಸಲಿಲ್ಲ. ಇದು ಮನುಷ್ಯರು ಚೆನ್ನಾಗಿ ಮುಟ್ಟಿ, ಆಮೇಲೆ ಕೈಬಿಟ್ಟ ಜಾಗ. ನಮ್ಮ ಸೈಕಲ್ಲಿಗೆ ಸುಖ ಕೊಟ್ಟ ಮಣ್ಣಿನ ದಾರಿಯೂ ಕಾಡು ಉಳಿಸಿಕೊಟ್ಟದ್ದಲ್ಲ, ಅಧಿಕಾರ ಬೇರೆ ಕಡೆ ಹೋದಾಗ ಹಿಂದೆ ಬಿದ್ದುಹೋದದ್ದು. ಅಲ್ಲಿ ನಾವು ಎರಡು ದಿನದ ಅತಿಥಿಗಳು, ಅಜ್ಜಿಯ ಮನೆಯವರು ವರ್ಷವಿಡೀ ನಡೆಯುವವರು.

ಹೇರೆತ್ತಿನ ಆ ಆಳದ ದಾರಿಗಳನ್ನು ಗುರುತಿಸಿ, ಅಳೆದು, ನಕ್ಷೆ ಬರೆದಿಟ್ಟುಕೊಳ್ಳಬೇಕು. ಶಾಸನಕ್ಕೆ, ಗುಡಿಗೆ ಕೊಡುವ ಬೆಲೆಯನ್ನು ಅವಕ್ಕೂ ಕೊಡಬೇಕು. ಹಾಗೆಂದು ಅವುಗಳ ಹೆಸರಿನಲ್ಲಿ ಊರಿನವರ ರಸ್ತೆಯನ್ನು ತಡೆಯುವುದು ನ್ಯಾಯವಲ್ಲ. ಹಳೆಯದು ಏಣಿನ ಮೇಲಿದ್ದರೆ ಹೊಸದಕ್ಕೆ ಪಕ್ಕದಲ್ಲಿ ಜಾಗ ಇದ್ದೇ ಇದೆ.

ವಾಪಸು ಬರುವಾಗ ಅಜ್ಜಿಯ ಮನೆಯ ಹತ್ತಿರ, ಸಂಕದ ಪಕ್ಕದಲ್ಲಿ, ಒಂದು ಲೋಡು ಜಲ್ಲಿ ಸುರಿದದ್ದು ಕಂಡಿತು. ಮುಂದಿನ ಸಲ ಬರುವ ಹೊತ್ತಿಗೆ ಆ ದಾರಿಗೆ ಡಾಂಬರು ಬಿದ್ದಿರಬಹುದು. ಆಗ ಟೈರಿಗೆ ಗಾಳಿ ತುಂಬಿಕೊಂಡೇ ಹೋಗುತ್ತೇನೆ.